ಬಟ್ಟು ತಣಿಯುವ ಹೊತ್ತು

ಬಂದರಿನ ದೊಡ್ಡ ಕ್ರೇನಿನಲ್ಲಿ ಕೂತು ಅಪ್ಪ ಆನೆತೂಕದ ಪೆಟ್ಟಿಗೆಗಳನ್ನು ಹೂವಿನಂತೆ ಇಳಿಸುತ್ತಿದ್ದ. ಅಂಥವನನ್ನು ಆ ಬೆಳಿಗ್ಗೆ ತೋಳಿಗೆ ಸುತ್ತಿದ ಒಂದು ಪಟ್ಟಿ ನೆಲಕ್ಕಿಳಿಸುವುದರಲ್ಲಿತ್ತು. ವರ್ಷದ ತಪಾಸಣೆಯಲ್ಲಿ ಬಿಪಿ ನೂರಾ ನಲವತ್ತು ದಾಟಿದರೆ ಕ್ರೇನು ಹತ್ತುವಂತಿಲ್ಲ, ಗೋದಾಮಿನ ಬಾಗಿಲು ಕಾಯಬೇಕು. ಪಟ್ಟಿ ಸುತ್ತಿದ ನರ್ಸು ಬೇರಾರೂ ಅಲ್ಲ, ಅವನ ಹಿರಿಮಗಳೇ.

"ನೂರಾ ಅರವತ್ತೆಂಟು! ಮೊಟ್ಟೆ ಮೇಲೆ ಮತ್ತೆ ಉಪ್ಪು ಸುರ್ಕೊಂಡ್ಯಾ?"

"ಒಂದು ಚಿಟಿಕೆ ಕಣಮ್ಮ."

"ನಿನ್ನ ಚಿಟಿಕೆ ನಂಗೊತ್ತಿಲ್ವಾ? ಮಾತ್ರೆ ನುಂಗಿದ್ಯೋ ಇಲ್ವೋ? ಕೈ ಚಾಚು, ಇನ್ನೊಂದ್ಸಲ ನೋಡ್ತೀನಿ. ಅಮ್ಮನಿಗೆ ಹೇಳ್ಲಾ?"

ನೂರಾ ಎಪ್ಪತ್ನಾಲ್ಕು.

ಅಪ್ಪ ಮರೆತು ಬಂದ ಕನ್ನಡಕ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಿರಿಮಗಳು ನಕ್ಕುಬಿಟ್ಟಳು. ಅಂಗಡಿಯವರ ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ಉಸಿರು ತಾಗಿದರೂ ನಡುಗುವ ತಕ್ಕಡಿ ಅಲ್ಲಿಯದು.

"ಕಿಸಿಯೋದೇನು ಬಂತು?" ಅಕ್ಕ ರೇಗಿದಳು. "ಅಪ್ಪನ ಕ್ರೇನು ಹೋಗ್ತಿದೆ ಇಲ್ಲಿ. ಸುಳ್ಳು ಬರೆಯೋಕೆ ನನ್ನಿಂದಾಗಲ್ಲ."

"ಸುಳ್ಳು ಬರಿ ಅಂದ್ನಾ ನಾನು? ಬಿಸಿಲಲ್ಲಿ ಬಂದ ಬಟ್ಟನ್ನ ನಾವು ಹಾಗೇ ತೂಗಲ್ಲ ಅಕ್ಕ. ಕೋಣೆಯಲ್ಲಿಟ್ಟು ತಣಿಯೋಕೆ ಬಿಡ್ತೀವಿ. ತೂಗೋವಾಗ ಗಾಜಿನ ಬಾಗಿಲು ಮುಚ್ಚಿ ನಾವೂ ದೂರ ಸರೀತೀವಿ, ನಮ್ಮ ಮೈಬಿಸಿ ತಾಗದ ಹಾಗೆ."

"ಅಪ್ಪ ಏನು ಬಟ್ಟಾ?"

"ಹೊಟ್ಟೆ ನೋಡಿದ್ರೆ ಹಾಗೇ ಇದೆ," ಎಂದ ಅಪ್ಪ.

"ಬೇರೆಯವ್ರಿಗೆ ಹೇಗೆ ನೋಡ್ತೀಯ, ಅದನ್ನ ಹೇಳು," ಎಂದಳು ತಂಗಿ.

ಅಕ್ಕ ಅಪ್ಪನ ತೋಳಿನ ಪಟ್ಟಿ ಬಿಚ್ಚಿದಳು. ಬೇರೆಯವರಾದರೆ ಸುಮ್ಮನೆ ಕೂರಿಸಿ, ಮಾತಾಡಿಸದೆ, ಆಮೇಲೆ ನೋಡುತ್ತಾಳೆ. ಅವಳ ವಿದ್ಯೆಯ ಮೊದಲ ಪಾಠವೇ ಅದು. ಅಪ್ಪನ ತೋಳು ಸಿಕ್ಕಿದರೆ ಮಾತ್ರ ಪಾಠ ಹಿಂದಾಗಿ ಪ್ರೀತಿ ಬಾಯಿಗೆ ಬಂದುಬಿಡುತ್ತದೆ.

ಅಪ್ಪನನ್ನು ಬೆನ್ನು ಆನಿಸಿ ಕೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಊದಿಕೊಳ್ಳುವ ಯಂತ್ರ ಕಟ್ಟಿ, ಇಬ್ಬರೂ ಹೊರಬಂದು ಕದ ಮುಚ್ಚಿದರು.

"ದೇವರೇ, ಕಾಪಾಡಪ್ಪಾ!"

"ಮೆತ್ತಗೆ ಅಕ್ಕ, ಒಳಗೆ ಕೇಳಿಸುತ್ತೆ."

ಅಕ್ಕ ತುಟಿ ಬಿಗಿದು ಗೋಡೆಯ ಕಡೆ ತಿರುಗಿದಳು. ಬೇಡಿಕೊಂಡ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿಯುವುದೂ ಭಕ್ತಿಯೇ. ದೇವರಿಗೂ ಕೆಲಸ ಮಾಡಲು ಜಾಗ ಬೇಕಲ್ಲ.

ಒಳಗೆ ಯಂತ್ರ ಕುಂಯ್ ಎಂದಿತು. ನೂರಾ ಮೂವತ್ತನಾಲ್ಕು. ಮತ್ತೊಮ್ಮೆ ನೋಡಿದರೆ ನೂರಾ ಮೂವತ್ತೆರಡು. ಅಕ್ಕ ಒಂದನ್ನೂ ಬಿಡದೆ ನಾಲ್ಕೂ ಅಂಕಿಗಳನ್ನು ಬರೆದು ಡಾಕ್ಟರ ಮುಂದಿಟ್ಟಳು.

"ಮೊದಲೆರಡು ನೋಡೋವಾಗ ಯಾರು ಮಾತಾಡ್ತಿದ್ರು?" ಡಾಕ್ಟರು ಕೇಳಿದರು.

ಅಕ್ಕ ಶಾಲೆಯ ಹುಡುಗಿಯಂತೆ ಕೈ ಎತ್ತಿದಳು. ಡಾಕ್ಟರು ನಗುತ್ತಲೇ ಸಹಿ ಹಾಕಿದರು.

"ಇದ್ರಲ್ಲಿ ನನ್ನ ಬಿಪಿ ಯಾವ್ದಮ್ಮ?" ಎಂದ ಅಪ್ಪ, ಕನ್ನಡಕ ಏರಿಸಿಕೊಳ್ಳುತ್ತ.

"ಕೊನೇವೆರಡು. ಮೊದಲೆರಡರಲ್ಲಿ ಅಕ್ಕನದೂ ಸೇರ್ಕೊಂಡಿತ್ತು," ಎಂದಳು ಕಿರಿಯವಳು.

ಅಪ್ಪ ಕ್ರೇನಿನ ಏಣಿ ಹಿಡಿದ. ಅಕ್ಕನ ಬಾಯಿ ತೆರೆಯಿತು, ತಂಗಿ ನೋಡಿದಳು, ಮುಚ್ಚಿತು. ಅವನು ಮೋಡದ ಹತ್ತಿರ ಸಣ್ಣ ಚುಕ್ಕೆಯಾಗುವವರೆಗೂ ತಡೆದುಕೊಂಡು, ಆಮೇಲೆ ಅವಳು ಮೆಲ್ಲಗೆ ಅಂದಳು:

"ಉಪ್ಪು ಕಡಿಮೆ ಮಾಡಪ್ಪಾ."