ಕೆಂಪು ಬಾಲದ ತಂತಿ

ಹೊಸ್ತಿಲಲ್ಲಿ ನಿಂತು ಅವನು ಜೇಬುಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದ. ಷರಟಿನದು, ಪ್ಯಾಂಟಿನದು, ಮತ್ತೆ ಷರಟಿನದು. ಹಜಾರದ ನಡುವೆ ಹೆಂಡತಿಯನ್ನು ಮಲಗಿಸಿದ್ದರು. ಬಂದವರು ಹೂವಿಟ್ಟು ಗೋಡೆಗೊರಗಿ, ಪಾಪ, ಕರವಸ್ತ್ರ ಹುಡುಕುತ್ತಿದ್ದಾನೆ ಅಂದುಕೊಂಡರು. ಯಾರೋ ತಮ್ಮದನ್ನೇ ಕೊಟ್ಟರು. ಅವನು ಅದನ್ನೂ ಜೇಬಿಗೆ ಹಾಕಿ ಮತ್ತೆ ಹೊರಗೆಳೆದ.

"ಅಕ್ಕಾ, ನಿನ್ನೆ ಹಾಕ್ಕೊಂಡಿದ್ದ ಯೂನಿಫಾರ್ಮ್ ಎಲ್ಲಿ?"

"ಒಗೆದು ಹಾಕಿದೀನಿ. ಗ್ರೀಸ್ ವಾಸನೆ, ಬಂದೋರೆದುರು ಮಾನ ಹೋಗ್ತಿತ್ತು."

"ಜೇಬಲ್ಲಿ ತಂತಿ ಇತ್ತಾ? ಕೆಂಪು ಬಟ್ಟೆ ಹೊಲಿದಿರೋದು?"

"ಜೇಬು ನೋಡೇ ನೆನೆಸಿದ್ದು. ಒಂದು ಸ್ಕ್ರೂಡ್ರೈವರು, ಬಿಸ್ಕತ್ತಿನ ಪುಡಿ. ತಂತಿಗಿಂತಿ ಏನೂ ಇರ್ಲಿಲ್ಲ." ಅಕ್ಕ ದನಿ ತಗ್ಗಿಸಿದಳು. "ಹೆಂಡ್ತೀನ ಹೀಗೆ ಮಲಗಿಸಿರೋವಾಗ ತಂತಿ ಹುಡುಕ್ತೀಯಲ್ಲೋ."

ಅವನು ಲಿಫ್ಟ್ ಮೆಕ್ಯಾನಿಕ್. ಜೊತೆಯವರು ಪಾದರಸ ಎಂದು ಕರೆಯುತ್ತಿದ್ದರು. ಒಂದು ಕಡೆ ನಿಲ್ಲದವನು, ಆದರೆ ಹಗ್ಗದ ಸದ್ದು ಕೇಳಿಯೇ ಲಿಫ್ಟಿನ ಕಾಯಿಲೆ ಹೇಳಬಲ್ಲವನು. ಬಾಗಿಲು ಮುಚ್ಚದೆ ಲಿಫ್ಟ್ ಚಲಿಸದಂತೆ ಒಂದು ಏರ್ಪಾಡಿರುತ್ತದೆ. ರಿಪೇರಿಯ ಹೊತ್ತಿನಲ್ಲಿ ಅದಕ್ಕೊಂದು ಸುಳ್ಳು ಹೇಳಬೇಕಾಗುತ್ತದೆ: ಯಂತ್ರದ ಕೋಣೆಯ ವೈರಿಂಗ್ ಪೆಟ್ಟಿಗೆಯಲ್ಲಿ ಗೇಣುದ್ದದ ತಂತಿಯನ್ನು ಎರಡು ಸ್ಕ್ರೂಗಳ ನಡುವೆ ಸಿಕ್ಕಿಸಿದರೆ, ಬಾಗಿಲು ಹಾರು ಹೊಡೆದಿದ್ದರೂ ಮುಚ್ಚಿದೆ ಎಂದೇ ಲಿಫ್ಟ್ ನಂಬುತ್ತದೆ. ಕೆಲಸ ಮುಗಿದ ಮೇಲೆ ತಂತಿ ಕೀಳಬೇಕು. ಮರೆತರೆ ಲಿಫ್ಟ್ ನಂಬುತ್ತಲೇ ಇರುತ್ತದೆ. ಬಾಗಿಲು ತೆರೆದು ಕಾಲಿಟ್ಟವರಿಗೆ ಮಾತ್ರ ನೆಲ ಸಿಗುವುದಿಲ್ಲ.

*

ಮಗಳು ಶಾಲೆಯಲ್ಲಿ ಕೂತಲ್ಲಿ ಕೂರುವುದಿಲ್ಲವೆಂದು ಡಾಕ್ಟರ ಬಳಿ ಹೋಗಿದ್ದರು. ಎಡಿಎಚ್‌ಡಿ ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ ಎಂದು ಹೇಳಿ ಮುಗಿಸಿದ ಡಾಕ್ಟರು, ಮೇಜಿನ ಕೆಳಗೆ ಕುಣಿಯುತ್ತಿದ್ದ ಅಪ್ಪನ ಕಾಲನ್ನು ನೋಡುತ್ತ, ನಿಮ್ಮದೂ ಒಮ್ಮೆ ಪರೀಕ್ಷಿಸೋಣವೇ ಎಂದರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಲಿಫ್ಟು ಮೇಲೆ ಕೆಳಗೆ ಹೋಗುತ್ತೆ ಡಾಕ್ಟ್ರೇ, ಇವರ ತಲೆ ಅಡ್ಡಡ್ಡ ಹೋಗುತ್ತೆ ಎಂದಳು.

ಅವಳು ಟೈಲರ್. ಆ ವಾರವೇ ಅವನ ತಂತಿಗಳಿಗೆಲ್ಲ ಮೊಳದುದ್ದದ ಕೆಂಪು ಬಟ್ಟೆಯ ಬಾಲ ಹೊಲಿದುಕೊಟ್ಟಳು. ಬೆಳಿಗ್ಗೆ ಅಂಗೈಯಲ್ಲಿ ಮಾತ್ರೆ, ಸಂಜೆ ಹೊಸ್ತಿಲಲ್ಲಿ ಜೇಬು ತಪಾಸಣೆ. ತೆಗೆದಿರಾ ಎಂದು ಅವಳು ಎಂದೂ ಕೇಳಲಿಲ್ಲ, ಹೂಂ ಅನ್ನುವುದು ಅವನಿಗೆ ಉಸಿರಾಟದಷ್ಟು ಸುಲಭ ಎಂದು ಅವಳಿಗೆ ಗೊತ್ತಿತ್ತು. ತಂತಿ ಕಣ್ಣಿಗೆ ಬೀಳದಿದ್ದರೆ ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಸ್ಕೂಟರಿನ ಹಿಂದೆ ತಾನೇ ಕೂತು ಅದೇ ಕಟ್ಟಡಕ್ಕೆ ವಾಪಸು ಹೊರಡಿಸುತ್ತಿದ್ದಳು. ಈ ತಪಾಸಣೆಗಾಗಿ ತಂಗಿಯ ಮನೆಯಲ್ಲೂ ಒಂದು ರಾತ್ರಿ ಉಳಿದವಳಲ್ಲ. ತನ್ನ ಎದೆನೋವನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೇ ನೆನಪಾಗಲಿಲ್ಲ. ನಿನ್ನೆ ಹೊಲಿಗೆ ಯಂತ್ರದ ಮೇಲೇ ತಲೆಯಿಟ್ಟಳು.

*

ಸೂಪರ್‌ವೈಸರ್ ಹಾರ ಹಿಡಿದು ಬಂದಾಗ ಅವನು ತೋಳು ಹಿಡಿದು ಮೂಲೆಗೆ ಎಳೆದ. ನಿನ್ನೆಯ ಲಿಫ್ಟಿನ ಗತಿ ಏನೆಂದು ಕೇಳಿದ.

"ಅದರ ಚಿಂತೆ ಬಿಡು ಮಾರಾಯ. ಬೆಳಿಗ್ಗೆ ನಾನೇ ಹೋಗಿ ಮೇನ್ ಸ್ವಿಚ್ ಎತ್ತಿ ಬಂದೆ. ಬೆಣ್ಣೆ ಥರ ಓಡ್ತಿದೆ."

"ಪೆಟ್ಟಿಗೆ ತೆಗೆದು ನೋಡಿದ್ರಾ?"

"ನೀನು ಕೈಯಿಟ್ಟ ಮೇಲೆ ನಾನ್ಯಾಕೆ ನೋಡ್ಲಿ? ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಮರೆತಿದೀಯಾ?"

ಅದಕ್ಕೆ ಉತ್ತರ ಹೇಳಬೇಕಾದವಳು ಹಜಾರದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.

ಅಪ್ಪನ ಮುಖ ನೋಡಿ ಮಗಳು ಹತ್ತಿರ ಬಂದಳು. ಅವಳಿಗೀಗ ಸ್ವಂತ ಕೆಲಸ, ಸ್ವಂತ ಬಾಡಿಗೆ ಕೋಣೆ, ಅಪ್ಪನದೇ ತಲೆ. ಬೆಳಿಗ್ಗೆ ಮಾತ್ರೆ ಇಬ್ಬರೂ ನುಂಗಿರಲಿಲ್ಲ. ಅವಳು ಸೊಂಟಕ್ಕೆ ಕೈಯಿಟ್ಟು, ಕತ್ತು ಒಂದಿಷ್ಟು ವಾಲಿಸಿ, ಅಮ್ಮನ ದನಿಯಲ್ಲೇ ಕೇಳಿದಳು:

"ರೀ, ಎಲ್ಲಿ ನಿಂತಿದ್ರಿ? ಕೈಯಲ್ಲಿ ಏನಿತ್ತು?"

ಗೋಡೆಗೊರಗಿದ್ದವರು ತಟ್ಟನೆ ನೆಟ್ಟಗಾದರು. ಅಕ್ಕನ ಕೈಯಿಂದ ಹೂವಿನ ತಟ್ಟೆ ಜಾರಿತು.

ಅವನು ಕಣ್ಣು ಮುಚ್ಚಿದ. ಮೇಲ್ಮಹಡಿಯ ಯಂತ್ರದ ಕೋಣೆ. ಎಡಗೈಯಲ್ಲಿ ಟಾರ್ಚು. ಬಲಗೈ ತಂತಿಯ ಮೇಲೆ. ಅಷ್ಟರಲ್ಲಿ ಪಕ್ಕದ ಮನೆಯವರ ಫೋನು. ಬಲಗೈ ತಂತಿ ಬಿಟ್ಟು ಜೇಬಿಗೆ ಹೋಯಿತು. ಮೇನ್ ಇಳಿಸಿದ, ಪೆಟ್ಟಿಗೆಯ ಮುಚ್ಚಳ ಹಾಕಿದ, ಓಡಿದ.

"ಒಳಗೇ ಇದೆ," ಎಂದ.

ಸೂಪರ್‌ವೈಸರ್ ಮೊಬೈಲು ಹೊರತೆಗೆದ. ಆ ಕಟ್ಟಡದ ವಾಚ್‌ಮನ್‌ಗೆ ಮೇಲಿಂದ ಮೇಲೆ ಫೋನು ಮಾಡಿದ. ಗಂಟೆ ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ಮಗಳು ಹೊರಗೆ ಹೋಗಿ ಶವದ ವ್ಯಾನಿನ ಡ್ರೈವರಿಗೆ ಆ ಕಟ್ಟಡದ ದಾರಿ ಹೇಳತೊಡಗಿದಳು.

"ಹೆಣ ಇಟ್ಕೊಂಡು ಊರು ಸುತ್ತೋದೇನೇ?" ಎಂದು ಅಕ್ಕ ಗದರಿದಳು.

"ಅಮ್ಮ ಇದ್ದಿದ್ರೆ ಮೊದ್ಲು ಅಲ್ಲಿಗೇ ಕರ್ಕೊಂಡು ಹೋಗ್ತಿದ್ಲು ಅತ್ತೆ."

*

ಹೂವು ಮುಚ್ಚಿದ ವ್ಯಾನು ಆ ಕಟ್ಟಡದ ಗೇಟಿನೆದುರು ನಿಂತಾಗ, ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಹಿಂದೆ ಸರಿದು, ಯಾರ ಮನೆಯವರು ಹೋದರು ಎಂದು ಕೇಳಿದಳು. ಇನ್ನೂ ಗೊತ್ತಿಲ್ಲ ಎಂದು ಮಗಳು ಅಪ್ಪನ ಹಿಂದೆ ಮೆಟ್ಟಿಲಿಗೆ ಓಡಿದಳು. ವಾಚ್‌ಮನ್ನನ ಕುರ್ಚಿಯ ಮೇಲೆ ಅವನ ಫೋನೊಂದೇ, ಮನೆಯಲ್ಲೇ ಉಳಿದ ಸೂಪರ್‌ವೈಸರ್ ಕರೆಗೆ, ಬಡಕೊಳ್ಳುತ್ತಿತ್ತು.

ಮೂರನೇ ಮಹಡಿಯಲ್ಲಿ ಅಪ್ಪ ನಿಂತುಬಿಟ್ಟ. ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಲಿಫ್ಟ್ ಇರಲಿಲ್ಲ. ಎಣ್ಣೆಯ ವಾಸನೆಯ ತಣ್ಣನೆ ಗಾಳಿ ಕತ್ತಲಿನಿಂದ ಮೇಲೆ ಬರುತ್ತಿತ್ತು. ಅವನು ಬಾಗಿಲು ತಳ್ಳಿದ. ಕೈ ಬಿಟ್ಟೊಡನೆ ಅದು ಮೆಲ್ಲಗೆ ಮತ್ತೆ ತೆರೆದುಕೊಂಡಿತು. ಈ ಕೊಂಡಿ ಸವೆದಿದೆ ಎಂದೇ ಅವನನ್ನು ನಿನ್ನೆ ಕರೆಸಿದ್ದು; ಅದನ್ನು ಬದಲಿಸುವ ಮೊದಲೇ ಫೋನು ಬಂದಿತ್ತು. ಎದುರು ಮನೆಯಿಂದ ಊರುಗೋಲಿನ ಮುದುಕರೊಬ್ಬರು ಹೊರಟು, ಗೋಡೆ ತಡವುತ್ತ, ಬಂತೇನಪ್ಪಾ ಲಿಫ್ಟು ಎನ್ನುತ್ತ ನೇರ ಇತ್ತಲೇ ನಡೆದರು.

ಅವನು ಬಾಗಿಲಿಗೆ ಬೆನ್ನು ಕೊಟ್ಟು ಒತ್ತಿ ನಿಂತ. ಇಲ್ಲಿಂದ ಕದಲುವಂತಿರಲಿಲ್ಲ. ಮೇಲೆ ಹೋಗದೆಯೂ ಆಗುತ್ತಿರಲಿಲ್ಲ. ಉಳಿದ ಮಹಡಿಗಳ ಬಾಗಿಲುಗಳೂ ಅದೇ ಸುಳ್ಳಿನ ಮೇಲೆ ನಿಂತಿದ್ದವು. ಮಗಳನ್ನು ನೋಡಿದ.

"ಮೇಲಿನ ಕೋಣೇಲಿ ಗೋಡೆಗೆ ಮೇನಿನ ದೊಡ್ಡ ಹಿಡಿ ಇದೆ. ಕೆಳಗೆ ಎಳಿ. ಅದೊಂದೇ. ಏನ್ ಮಾಡ್ತೀಯಾ, ಹೇಳು."

"ಹಿಡಿ ಕೆಳಗೆ ಎಳೀತೀನಿ."

ಅವಳು ಹತ್ತಿದಳು. ಮುದುಕರು ಅವನ ಎದೆಯನ್ನು ಊರುಗೋಲಿನಿಂದ ಮುಟ್ಟಿ ನೋಡಿ, ಯಾರಪ್ಪಾ ನೀನು, ಯಾಕೆ ಅಡ್ಡ ನಿಂತಿದೀಯಾ ಎಂದು ಕೇಳುತ್ತಿದ್ದರು. ಅವನಿಗೆ ಕೇಳಿಸುತ್ತಿದ್ದುದು ಮಗಳ ಹೆಜ್ಜೆ ಮಾತ್ರ. ಒಂದು ಮಹಡಿ ದಾಟಿತು. ಇನ್ನೊಂದು. ಆಮೇಲೆ, ಕೋಣೆ ಇನ್ನೂ ಮೇಲಿರುವಾಗಲೇ, ಹೆಜ್ಜೆ ನಿಂತಿತು.

"ಏನ್ ಮಾಡ್ತೀಯಾ, ಹೇಳು," ಎಂದು ಅವನು ಮೇಲಕ್ಕೆ ಕೂಗಿದ.

ಮೇಲೆಲ್ಲೋ ಲಿಫ್ಟಿನ ಬಾಗಿಲೊಂದನ್ನು ಎಳೆದ ಸದ್ದಾಯಿತು. ಬೆನ್ನ ಹಿಂದೆ, ಕತ್ತಲಲ್ಲಿ, ಹಗ್ಗ ಓಡತೊಡಗಿತು.