ಹದಿನಾಲ್ಕು ಸಲ ಪಕ್ಕದ ಮನೆಯವಳು

ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಹಿಡಿದ ಕೈ ಈಗ ಒಂದು ಲೋಟವನ್ನೂ ಹಿಡಿಯದು. ಪಾರ್ಶ್ವವಾಯು ಬಡಿದು ಎಂಟು ತಿಂಗಳಾಗಿತ್ತು. ಮೂರನೆಯ ಮಹಡಿಯ ಒಂಟಿ ಕೋಣೆಯಲ್ಲಿ ಆ ತಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ದುಡಿಯಲು ಬಂದ ದೇಶ ಅವರಿಗೆ ಪೌರತ್ವ ಕೊಟ್ಟಿತ್ತು. ಗಡಿಯಾಚೆ ಅಜ್ಜಿಯ ಮಡಿಲಲ್ಲಿ ಬೆಳೆದ ಮಗಳು, ಹೊಲಿಗೆ ಕೆಲಸದವಳು, ಸುದ್ದಿ ಕೇಳಿ ಓಡಿಬಂದಿದ್ದಳು. ಅವಳದು ಬೇರೆ ದೇಶದ ಪಾಸ್‌ಪೋರ್ಟ್, ಭೇಟಿಯ ವೀಸಾ. ಅದು ಮುಗಿಯಲು ಹನ್ನೊಂದು ದಿನ ಉಳಿದಿತ್ತು.

ಎರಡು ಗಂಟೆಗೊಮ್ಮೆ ತಾಯಿಯ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆ ಕೆಲಸಕ್ಕೆ ಮಗಳ ಹೊರತು ಇನ್ನಾರೂ ಇರಲಿಲ್ಲ.

ವಾರಕ್ಕೊಮ್ಮೆ ಬರುವ ನರ್ಸಕ್ಕ ತಾಯಿಯ ಬೆನ್ನು ಒರೆಸುತ್ತ ಕೇಳಿದರು. “ವೀಸಾ ಮುಗಿದ ಮೇಲೆ ಏನ್ಮಾಡ್ತೀಯ, ತಂಗಿ?”

“ಬಾಗಿಲು ಹಾಕ್ಕೊಂಡು ಕೂತ್ಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?”

“ಔಷಧಿ ತರೋಕೆ ಕಿಟಕಿಯಿಂದ ಹಾರ್ತೀಯಾ?”

“ವೀಸಾ ಕಚೇರಿಗೆ ಹೋದ್ರೆ ಅಲ್ಲಿಂದಲೇ ವಿಮಾನ ಹತ್ತಿಸ್ತಾರೆ ಅಕ್ಕಾ. ಹುಲಿ ಬಾಯಿಗೆ ನಾನೇ ಹೋಗಿ ತಲೆ ಕೊಡ್ಲಾ?”

“ಮುಗಿದ ಮೇಲೆ ಸಿಕ್ಕಿಬಿದ್ರೆ ಯಾರ ಮಾತೂ ನಡೆಯಲ್ಲ. ಮುಂಚೆಯೇ ಅರ್ಜಿ ಹಾಕಿದ್ರೆ ಕೇಳ್ತಾರೆ. ದಿಕ್ಕಿಲ್ಲದ ತಾಯಿ ಜೊತೆ ಇರೋಕೆ ಇಲ್ಲಿನ ಕಾನೂನಲ್ಲಿ ದಾರಿ ಇದೆ. ರುಜುವಾತು ಬೇಕು ಅಷ್ಟೆ. ಎಲ್ಲಿ, ಆಸ್ಪತ್ರೆ ಫೈಲು ಕೊಡು.”

ನರ್ಸಕ್ಕ ಫೈಲು ತೆರೆದು ಒಂದೊಂದೇ ಹಾಳೆ ತಿರುವಿದರು. ಹದಿನಾಲ್ಕು ಭೇಟಿ. ‘ಜೊತೆಗೆ ಬಂದವರು’ ಎಂಬಲ್ಲಿ ಹದಿನಾಲ್ಕು ಸಲವೂ ಒಂದೇ ಬರಹ: ಪಕ್ಕದ ಮನೆಯವಳು.

“ಇದನ್ನ ಯಾರು ಬರೆಸಿದ್ದು?”

“ನಾನೇ. ಮಗಳು ಅಂದ್ರೆ ಪಾಸ್‌ಪೋರ್ಟ್ ಕೇಳ್ತಾರೆ, ಇಲ್ಲೇ ಬೇರು ಬಿಡೋಕೆ ಬಂದಿದಾಳೆ ಅಂತಾರೆ ಅಂತ ಹೆದರಿಕೆ ಆಯ್ತು.”

“ಊರಿಗೆಲ್ಲ ಇಂಥ ಪಕ್ಕದ ಮನೆಯವಳು ಸಿಕ್ಕಿದ್ರೆ ನಮಗೆ ಕೆಲಸವೇ ಇರ್ತಿರಲಿಲ್ಲ ಬಿಡು!” ಎಂದ ನರ್ಸಕ್ಕನ ನಗೆ ಅರ್ಧಕ್ಕೇ ಆರಿತು. “ಈ ಕಾಗದ ನೋಡಿದೋರಿಗೆ ನಿನ್ನಮ್ಮನಿಗೆ ಮಗಳೇ ಇಲ್ಲ. ನೀನು ಹೋದ್ರೂ ನೋಡ್ಕೊಳ್ಳೋಕೆ ನೆರೆಯವರಿದ್ದಾರೆ ಅಂದ್ಕೋತಾರೆ.”

ಮಗಳು ಹಾಸಿಗೆಯ ಅಂಚಿನಲ್ಲಿ ಕುಳಿತಳು. “ನಾನು ಯಾರು ಅಂತ ದೇವರಿಗೆ ಗೊತ್ತಲ್ಲ ಅಕ್ಕಾ.”

“ಗೊತ್ತು ತಂಗಿ. ಆದ್ರೆ ಅವನು ಕಚೇರಿಗೆ ಬಂದು ಸಾಕ್ಷಿ ಹೇಳಲ್ಲ. ಆ ಕೆಲಸನ ನಮ್ಮ ಪಾಲಿಗೆ ಬಿಟ್ಟಿದಾನೆ. ಏಳು.”

ಮರುದಿನ ತಾಯಿಯ ಮಗ್ಗುಲು ಬದಲಿಸಿ, ಎರಡು ಗಂಟೆಯೊಳಗೆ ಮರಳಬೇಕೆಂದು ಇಬ್ಬರೂ ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ಓಡಿದರು. ಅಲ್ಲಿನ ವಕೀಲೆ ಹೇಳಿದ್ದು ಇಷ್ಟೆ: “ಹಳೆಯ ಸುಳ್ಳನ್ನ ಮುಚ್ಚೋಕೆ ಇನ್ನೊಂದು ಸುಳ್ಳು ಬೇಡಮ್ಮ. ಯಾಕೆ ಹಾಗೆ ಬರೆಸಿದೆ ಅಂತ ಇದ್ದದ್ದನ್ನ ಇದ್ದ ಹಾಗೆ ಬರಿ.”

ಆಸ್ಪತ್ರೆಯ ವೈದ್ಯರು ಫೈಲಿನ ಹಳೆಯ ಬರಹ ತಿದ್ದಲು ಒಪ್ಪಲಿಲ್ಲ. ಆದರೆ ತಾಯಿಗೆ ಹಗಲಿರುಳು ಆರೈಕೆ ಬೇಕು ಎಂದು ಪತ್ರ ಕೊಟ್ಟರು. ನರ್ಸಕ್ಕ ತಾವು ಕಂಡದ್ದನ್ನು ಬರೆದು ಸಹಿ ಹಾಕಿದರು. ತಾಯಿಯ ಹೆಸರಿದ್ದ ಜನನ ಪತ್ರ ಗಡಿಯಾಚೆಯಿಂದ ಬಂದದ್ದು ಹತ್ತನೆಯ ದಿನ. ಅಂದೇ ಮಗಳು ಅರ್ಜಿ ಹಿಡಿದು ಕಚೇರಿಯ ಕಿಟಕಿಯೆದುರು ನಿಂತಳು.

“ಈ ಪಕ್ಕದ ಮನೆಯವಳು ಯಾರು?” ಎಂದರು ಆಸ್ಪತ್ರೆ ಫೈಲು ತಿರುವುತ್ತಿದ್ದ ಅಧಿಕಾರಿ.

“ನಾನೇ ಸಾರ್. ಹೆದರಿ ಸುಳ್ಳು ಹೇಳಿದ್ದೆ. ಅವರು ನನ್ನ ಹೆತ್ತಮ್ಮ.”

ಅಧಿಕಾರಿ ಅದನ್ನೂ ಬರೆದುಕೊಂಡರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ತೀರ್ಮಾನವಾಗುವವರೆಗೆ ಇರಬಹುದೆಂಬ ರಸೀದಿ ಕೈಗೆ ಬಂತು.

ತೀರ್ಮಾನ ಇನ್ನೂ ಬಂದಿಲ್ಲ. ತಾಯಿ ದಿನದಿನಕ್ಕೆ ಸೊರಗುತ್ತಿದ್ದಾರೆ. ಕಚೇರಿಯ ಕಾಗದ ಮೊದಲೋ, ಮೇಲಿನವನ ಕರೆ ಮೊದಲೋ, ಯಾರು ಬಲ್ಲರು? ಅಲ್ಲಿಯವರೆಗಂತೂ ಮಗ್ಗುಲು ಬದಲಿಸಲು ಮಗಳ ಕೈ ಇದೆ.

ಪರದೇಶದಲ್ಲಿ ಹೆತ್ತವರ ಆರೈಕೆಗೆ ನಿಂತ ಅಕ್ಕ, ಅಣ್ಣಂದಿರೇ, ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮಗೆ ದಾರಿಯುಂಟೇ ಎಂದು ತಿಳಿದವರನ್ನು ಕೇಳಿ, ದಲ್ಲಾಳಿಯನ್ನಲ್ಲ. ಆಸ್ಪತ್ರೆಯಲ್ಲಿ ನಿಮ್ಮ ಸಂಬಂಧವನ್ನು ನಿಜವಾಗಿ ಬರೆಸಿ. ಚೀಟಿಗಳನ್ನೆಲ್ಲ ಜೋಪಾನ ಮಾಡಿ. ಈಗ ಇದನ್ನು ಕೆಳಗಿಟ್ಟು ಏಳಿ, ನಿಮ್ಮ ವೀಸಾ ತೆಗೆದು ತಾರೀಕು ನೋಡಿ.