ಇದು ಒಲೆಯ ಬೂದಿಯಲ್ಲ

ಬೇಸಿಗೆಯಲ್ಲಿ ಊರ ಹಿಂದಿನ ಗುಡ್ಡಕ್ಕೆ ಬೆಂಕಿ ಬೀಳುವುದು ಹೊಸ ಸಂಗತಿಯಲ್ಲ. ಒಣಹುಲ್ಲು ಹತ್ತಿಕೊಳ್ಳುತ್ತದೆ, ಒಂದೆರಡು ದಿನ ಹೊಗೆಯಾಡುತ್ತದೆ, ಆರಿಹೋಗುತ್ತದೆ. ಜನ ಕಿಟಕಿ ಮುಚ್ಚಿಕೊಂಡು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಆ ವರ್ಷ ಮಾತ್ರ ಗಾಳಿ ಊರಿನ ಕಡೆಗೆ ತಿರುಗಿತು. ಊಟದ ಹೊತ್ತಿಗೆ ಧ್ವನಿವರ್ಧಕ ಕಟ್ಟಿದ ಜೀಪು ಬೀದಿಬೀದಿ ಸುತ್ತಿ, ಸಂಜೆಯೊಳಗೆ ಎಲ್ಲರೂ ಮನೆ ಬಿಟ್ಟು ಪಕ್ಕದ ಊರಿನ ಶಾಲೆಗೆ ಹೋಗಬೇಕು, ಕರೆದೊಯ್ಯಲು ವ್ಯಾನು ಬರುತ್ತದೆ ಎಂದು ಕೂಗಿ ಹೇಳಿತು.

ಬೀದಿಯ ಕೊನೆಯ ಮನೆ ದರ್ಜಿಯದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಿಲು. ಹಿತ್ತಿಲಲ್ಲಿ ಹಲಗೆಯ ಕೋಳಿಗೂಡು. ಗೂಡಿನಲ್ಲಿದ್ದ ನಾಲ್ಕು ಹೇಂಟೆಗಳನ್ನೂ ಅವನ ಹೆಂಡತಿ ಮರಿಯಿಂದ ಸಾಕಿದ್ದಳು. ಎಲ್ಲರ ಮೇಲೂ ಜೋರು ಮಾಡುವ ಕೆಂಪು ಹೇಂಟೆಗೆ ಮೇಸ್ತ್ರಿ ಎಂದೂ, ಎಲೆ ಬಿದ್ದರೂ ಬೆಚ್ಚುವ ಬಿಳಿಯದಕ್ಕೆ ಪುಕ್ಕಲಿ ಎಂದೂ ಹೆಸರಿಟ್ಟವಳು ಅವಳೇ. ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಅಂದಿನಿಂದ ದರ್ಜಿಯ ಅಕ್ಕ ಬಂದು ಮನೆ ನೋಡಿಕೊಳ್ಳುತ್ತಿದ್ದಳು.

ಅಕ್ಕ ಮಾತ್ರೆ, ಬಟ್ಟೆ, ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಳು. ದರ್ಜಿ ಯಂತ್ರದ ಮುಂದಿನಿಂದ ಏಳಲಿಲ್ಲ.

“ಏಳೋ. ವ್ಯಾನು ಬಂದು ನಿಂತ ಮೇಲೆ ಚಪ್ಪಲಿ ಹುಡುಕ್ಬೇಡ.”

“ನೀನು ಹೋಗಕ್ಕ. ನಾನು ಇವುಗಳ ಜೊತೆ ಇರ್ತೀನಿ.”

“ಯಾವುಗಳ ಜೊತೆ?”

ದರ್ಜಿ ಹಿತ್ತಿಲ ಕಡೆ ನೋಡಿದ.

“ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆ ಕೇಳಿದ್ದೆ. ಕೋಳಿ ಕೇಳಿ ಮನೆ ಬಿಡೋನನ್ನ ಇವತ್ತೇ ನೋಡಿದ್ದು.”

ಅವನು ನಗಲಿಲ್ಲ. “ಅವಳು ಕೊನೆಗೆ ಏನೂ ಕೇಳಲಿಲ್ಲ ಅಕ್ಕ. ಇವುಗಳನ್ನ ನೋಡ್ಕೊಳ್ಳಿ ಅಂದಳು, ಅಷ್ಟೇ.”

ಅಕ್ಕ ಅವನ ಹತ್ತಿರ ಬಂದಳು. ಆಮೇಲೆ ದನಿ ತಗ್ಗಿಸಿ, “ಗೂಡಿನ ಬಾಗಿಲು ತೆಗೆದುಬಿಡೋಣ. ದೇವರು ರೆಕ್ಕೆ ಕೊಟ್ಟಿದ್ದಾನೆ. ಎಲ್ಲಾದರೂ ಓಡಿಹೋಗಿ ಬದುಕ್ಕೋತವೆ,” ಎಂದಳು.

“ಓಡಲ್ಲ ದೊಡ್ಡಮ್ಮ.”

ಹಿತ್ತಿಲ ಬಾಗಿಲಲ್ಲಿ ಊರಿನ ಪಶುವೈದ್ಯೆ ನಿಂತಿದ್ದಳು. ಅದೇ ಬೀದಿಯಲ್ಲಿ ಬೆಳೆದವಳು. ಅವಳ ಶಾಲೆಯ ಸಮವಸ್ತ್ರವನ್ನೆಲ್ಲ ಹೊಲಿದವನು ದರ್ಜಿಯೇ. ಆ ಹೊತ್ತು ಅವಳು ಪ್ರಾಣಿ ಸಾಕಿದವರ ಮನೆಗಳಿಗೆ ಒಂದೊಂದಾಗಿ ಹೋಗಿ ಬರುತ್ತಿದ್ದಳು.

“ಬನ್ನಿ, ನೀವೇ ನೋಡಿ,” ಎಂದು ಇಬ್ಬರನ್ನೂ ಗೂಡಿನ ಹತ್ತಿರ ಕರೆದಳು. ನಡುಮಧ್ಯಾಹ್ನದಲ್ಲಿ ನಾಲ್ಕೂ ಹೇಂಟೆಗಳು ಕೋಲಿನ ಮೇಲೆ ಸಾಲಾಗಿ ಕೂತು ಕಣ್ಣು ಮುಚ್ಚಿದ್ದವು.

“ಹೊಗೆಗೆ ಆಕಾಶ ಕಪ್ಪಾಯ್ತಲ್ಲ, ಸಂಜೆ ಆಯ್ತು ಅಂದ್ಕೊಂಡು ಗೂಡು ಸೇರಿವೆ. ಬಾಗಿಲು ತೆಗೆದ್ರೂ ಇಲ್ಲೇ ಕೂತಿರ್ತವೆ. ಬೆಂಕಿ ಬಂದ್ರೂ ಕೂತಿರ್ತವೆ.”

ದರ್ಜಿಯ ಕೈ ಗೂಡಿನ ಹಲಗೆಯನ್ನು ಹಿಡಿದುಕೊಂಡಿತು. “ಅದಕ್ಕೇ ನಾನು ಹೋಗಲ್ಲ ಅಂದಿದ್ದು.”

“ನೀವು ಕೂತ್ರೆ ಬೆಂಕಿ ನಿಲ್ಲುತ್ತಾ ಮಾವ? ನಿಮ್ಮನ್ನ ಹುಡುಕೋಕೆ ಇನ್ನೊಬ್ಬರು ಬರಬೇಕಾಗುತ್ತೆ, ಅಷ್ಟೇ. ಇವೂ ಬರ್ತವೆ ನಿಮ್ಮ ಜೊತೆ. ರಟ್ಟಿನ ಪೆಟ್ಟಿಗೆ ಇದೆಯಾ?”

ದರ್ಜಿಯ ಮನೆಯಲ್ಲಿ ಬಟ್ಟೆಯ ಸುರುಳಿ ಬಂದ ಪೆಟ್ಟಿಗೆಗಳಿಗೆ ಬರವೇ? ಅವನು ಎರಡು ಗಟ್ಟಿ ಪೆಟ್ಟಿಗೆ ತಂದು, ದಬ್ಬಳದಿಂದ ಸುತ್ತಲೂ ತೂತು ಹೊಡೆದ. “ಒಂದೇ ಕಡೆ ಬೇಡ, ಎದುರುಬದುರು ಇರಲಿ, ಗಾಳಿ ಆಡಬೇಕು,” ಎಂದಳು ವೈದ್ಯೆ. ಅವನು ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಬೊಗಸೆ ತುಂಬ ತಂದು ಪೆಟ್ಟಿಗೆಯೊಳಗೆ ಹಾಸಲು ಹೋದಾಗ ಅವಳು ತಡೆದಳು.

“ಇದು ಬೇಡ ಮಾವ. ದಾರದ ಎಳೆ ಇವುಗಳ ಕಾಲ್ಬೆರಳಿಗೆ ಸುತ್ತಿಕೊಂಡ್ರೆ ಬೆರಳೇ ಹೋಗುತ್ತೆ. ನುಂಗಿದ್ರೆ ಗಂಟಲಚೀಲದಲ್ಲಿ ಗಂಟಾಗುತ್ತೆ. ಕೆಳಗೆ ಒಂದು ಗೋಣಿ, ಮೇಲೆ ಹರಿದ ಕಾಗದ ಸಾಕು.”

“ಮೆತ್ತಗಿರಲಿ ಅಂತ.”

“ಗೊತ್ತು.”

ಹಿಡಿಯಲು ಅಟ್ಟಾಡಿಸಬೇಕಾಗಲಿಲ್ಲ. ಕೋಳಿಯ ಶ್ವಾಸಕೋಶ ಬಲು ನಾಜೂಕು, ಹೊಗೆಯಲ್ಲಿ ಓಡಿಸಿದರೆ ಇನ್ನಷ್ಟು ಹೊಗೆ ಒಳಗೆ ಹೋಗುತ್ತದೆ ಎಂದು ವೈದ್ಯೆ ಹೇಳಿದಳು. ದರ್ಜಿ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಡುವಂತೆ ಒಂದೊಂದನ್ನೇ ಪೆಟ್ಟಿಗೆಯಲ್ಲಿ ಇಳಿಸಿದ. ಒಂದಕ್ಕೊಂದು ಹೊಂದಿಕೊಂಡವನ್ನು ಜೊತೆ ಮಾಡಿದ. ಗುರುತಿಗೆಂದು ಪ್ರತಿಯೊಂದರ ಕಾಲಿಗೆ ಸಡಿಲವಾಗಿ ನೀಲಿ ಪಟ್ಟಿ ಕಟ್ಟಿ, ಪೆಟ್ಟಿಗೆಯ ಮೇಲೆ ತನ್ನ ಫೋನ್ ನಂಬರು ಬರೆದ. ನೀರಿಟ್ಟರೆ ದಾರಿಯಲ್ಲಿ ಚೆಲ್ಲಿ ಒದ್ದೆಯಾಗುತ್ತದೆಂದು ಸೌತೆಕಾಯಿ ಹೆಚ್ಚಿ ಹಾಕಲು ವೈದ್ಯೆ ಹೇಳಿದ್ದಳು. ಅವನು ಹೆಚ್ಚುವುದನ್ನು ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಇಷ್ಟು ವರ್ಷದಲ್ಲಿ ನನಗೊಂದು ಸೌತೆಕಾಯಿ ಹೆಚ್ಚಿಕೊಟ್ಟಿಲ್ಲ ಇವನು.”

ವ್ಯಾನು ಬಂದಾಗ ಅದೇ ಅಕ್ಕ ಮೇಸ್ತ್ರಿಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಸಾಮಾನಿನ ಡಿಕ್ಕಿಯಲ್ಲಿ ಗಾಳಿ ಇರುವುದಿಲ್ಲ ಎಂದು ವೈದ್ಯೆ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

ಶಾಲೆಯ ಹಿಂದೆ ಸೈಕಲ್ ನಿಲ್ಲಿಸುವ ಚಪ್ಪರದಲ್ಲಿ ಪ್ರಾಣಿಗಳಿಗೆ ಜಾಗ ಮಾಡಿದ್ದರು. ಬೇರೆಯವರ ಕೋಳಿಗಳೂ ಬಂದಿದ್ದವು. ಎಲ್ಲವನ್ನೂ ಒಂದೇ ಕಡೆ ಬಿಡೋಣವೆಂದು ಯಾರೋ ಅಂದಾಗ ವೈದ್ಯೆ ಒಪ್ಪಲಿಲ್ಲ. ಒಂದು ಮನೆಯ ಕೋಳಿಯ ಕಾಯಿಲೆ ಇನ್ನೊಂದು ಮನೆಗೆ ಹತ್ತದಿರಲಿ ಎಂದು ಗುಂಪುಗಳನ್ನು ದೂರದೂರ ಇಡಿಸಿದಳು. ನೀರಿನ ಬಟ್ಟಲೂ ಬೇರೆಬೇರೆ. ಮುಟ್ಟಿದವರೆಲ್ಲ ಸೋಪು ಹಾಕಿ ಕೈ ತೊಳೆಯಬೇಕು.

ಮರುದಿನ ಮೇಸ್ತ್ರಿ ಮಂಕಾಯಿತು. ಬಾಯಿ ತೆರೆದು ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ದರ್ಜಿ ವೈದ್ಯೆಯನ್ನು ಕರೆತಂದ.

“ಒಳ್ಳೇದಾಯ್ತು ತಕ್ಷಣ ಹೇಳಿದ್ದು,” ಎಂದು ಅವಳು ಔಷಧಿ ಕೊಟ್ಟಳು. “ಹೊಗೆ ಒಳಗೆ ಹೋಗಿದೆ. ನೆರಳಲ್ಲಿ, ಗಲಾಟೆ ಇಲ್ಲದ ಕಡೆ ಇರಲಿ. ತಣ್ಣನೆ ಶುದ್ಧ ನೀರು ಸದಾ ಇರಲಿ. ಗಾಳಿ ತಿಳಿಯಾದ ಮೇಲೂ ಒಂದೆರಡು ವಾರ ಓಡಾಡಿಸಬೇಡಿ. ಮೊಟ್ಟೆ ನಿಲ್ಲಿಸಬಹುದು. ಅದಕ್ಕೆ ಹೆದರಬೇಡಿ, ಹೆದರಿದ ಜೀವ ಅದು.”

ಚಪ್ಪರದಲ್ಲಿದ್ದ ಒಬ್ಬ, “ಮೊಟ್ಟೆ ಇಡದಿದ್ರೆ ಪಾತ್ರೆಗೆ ಹಾಕೋದು ತಾನೆ,” ಎಂದು ನಕ್ಕ.

“ನಿನಗೂ ಜ್ವರ ಬಂದಾಗ ಕೆಲಸ ಆಗಲ್ಲ,” ಎಂದಳು ಅಕ್ಕ. “ನಿಮ್ಮ ಮನೇಲಿ ದೊಡ್ಡ ಪಾತ್ರೆ ಇದೆಯಾ?”

ಅವನು ಎದ್ದು ಬೇರೆ ಕಡೆ ಹೋದ.

ದರ್ಜಿ ಪೆಟ್ಟಿಗೆಯ ಪಕ್ಕದಲ್ಲೇ ಇದ್ದ. ಅವನು ಪ್ರಾರ್ಥಿಸುತ್ತಿದ್ದುದು ಅಕ್ಕನಿಗೆ ತಿಳಿಯಿತು. ಕೋಳಿಗಾಗಿ ದೇವರನ್ನು ಬೇಡುವುದು ಸಣ್ಣ ಮಾತೆಂದು ಅವಳಿಗೆ ಅನ್ನಿಸಲಿಲ್ಲ. ಯಾವ ಜೀವ ಸಣ್ಣದು, ಯಾವುದು ದೊಡ್ಡದು ಎಂಬ ಲೆಕ್ಕ ದೇವರ ಹತ್ತಿರವೇ ಇರಲಿ ಎಂದುಕೊಂಡು ಅವಳೂ ಪಕ್ಕದಲ್ಲಿ ಕೂತಳು.

ಮೇಸ್ತ್ರಿ ನಿಧಾನವಾಗಿ ಚೇತರಿಸಿತು. ವಾರ ಕಳೆದು, ಊರಿಗೆ ಮರಳಬಹುದು ಎಂದು ಹೇಳಿಕಳಿಸಿದರು.

ಮನೆ ಉಳಿದಿತ್ತು. ಪಕ್ಕದ ಬಣ್ಣ ಬಳಿಯುವವನ ಸಾಮಾನಿನ ಕೊಟ್ಟಿಗೆ ಸುಟ್ಟುಹೋಗಿತ್ತು. ಹಿತ್ತಿಲ ತುಂಬ ಬೂದಿ, ಗೂಡಿನ ಮೇಲೂ ಬೂದಿ. ದರ್ಜಿ ಒಳಗೆ ಹೋಗಿ ಕಿಟಕಿ, ಛಾವಣಿ ನೋಡುತ್ತಿದ್ದ. ಅಕ್ಕನಿಗೆ ಹಿತ್ತಿಲು ನೋಡಿ ಸಂತೋಷವೇ ಆಯಿತು. ಆ ಮನೆಯಲ್ಲಿ ವಾರಕ್ಕೊಮ್ಮೆ ಒಲೆಯ ಬೂದಿಯನ್ನು ಜರಡಿ ಹಿಡಿದು, ಗೂಡಿನ ಮುಂದಿನ ಗುಂಡಿಗೆ ಸುರಿಯುವುದು ರೂಢಿ. ಕೋಳಿಗಳು ಅದರಲ್ಲಿ ಹೊರಳಾಡಿದರೆ ಮೈಯ ಹೇನು ಸಾಯುತ್ತದೆ. ತಮ್ಮನ ಹೆಂಡತಿ ಅದನ್ನು ಒಂದು ವಾರವೂ ತಪ್ಪಿಸಿದವಳಲ್ಲ. ಅವಳು ಹೋದ ಮೇಲೆ ಅಕ್ಕನೇ ಮುಂದುವರಿಸಿದ್ದಳು.

“ಪಾಪ, ಕಾಲು ಜೋಮು ಹಿಡಿದಿರುತ್ತೆ,” ಎಂದು ಅವಳು ಪೆಟ್ಟಿಗೆ ತೆರೆದಳು. ಮೊದಲು ಹೊರಬಂದದ್ದು ಮೇಸ್ತ್ರಿ. ಅದು ನೇರವಾಗಿ ಬೂದಿಗೆ ಹೋಗಿ, ರೆಕ್ಕೆ ಬಿಚ್ಚಿ, ಹೊರಳಿತು. ನಡುನಡುವೆ ಏನನ್ನೋ ಹೆಕ್ಕಿ ನುಂಗಿತು.

ಆಗಲೇ ಬೀದಿಯಲ್ಲಿ ಬರುತ್ತಿದ್ದ ವೈದ್ಯೆ ಬೇಲಿಯ ಆಚೆಯಿಂದ ಇದನ್ನು ಕಂಡಳು. ಕೂಗದೆ ಒಳಗೆ ಬಂದು ಮೇಸ್ತ್ರಿಯನ್ನು ಎತ್ತಿಕೊಂಡಳು. “ಬೇರೆಯವನ್ನ ಬಿಡಬೇಡಿ ದೊಡ್ಡಮ್ಮ. ಪೆಟ್ಟಿಗೆ ಮುಚ್ಚಿ.”

“ಬೂದಿ ಕಣೇ. ಕೋಳಿಗೆ ಒಳ್ಳೇದು.”

“ಯಾವುದರ ಬೂದಿ?”

ಅಕ್ಕ ಬಗ್ಗಿ ಬೂದಿ ನೋಡಿದಳು. ವೈದ್ಯೆ ಬೇಲಿಯಾಚೆ ತೋರಿಸಿದಳು. ಅಲ್ಲಿ ಬಣ್ಣದ ಡಬ್ಬಿಗಳು, ಬ್ಯಾಟರಿ, ಟಯರು, ಪ್ಲಾಸ್ಟಿಕ್ ಪೈಪುಗಳು ಕರಗಿ ಮುದ್ದೆಯಾಗಿದ್ದವು.

“ಒಲೇಲಿ ಉರಿಯೋದು ಬರೀ ಸೌದೆ. ಇಲ್ಲಿ ಇದೆಲ್ಲ ಉರಿದಿದೆ. ಸೀಸ, ವಿಷ, ಮೊಳೆ, ಗಾಜು ಎಲ್ಲ ಸೇರಿದೆ. ಕೋಳಿಗೆ ಹಲ್ಲಿಲ್ಲ, ಕಾಳು ಅರೆಯೋಕೆ ನುಂಗೋ ಕಲ್ಲು ಅಂದ್ಕೊಂಡು ಇದನ್ನೇ ನುಂಗುತ್ತೆ. ಆಮೇಲೆ ಮೊಟ್ಟೇಲೂ ಬರುತ್ತೆ. ಅದನ್ನ ತಿನ್ನೋರು ನೀವೇ.”

ದರ್ಜಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. “ಹಾಗಾದ್ರೆ ಅವಳು ಹಾಕ್ತಿದ್ದದ್ದು ತಪ್ಪಾ?”

ವೈದ್ಯೆ ಮೇಸ್ತ್ರಿಯನ್ನು ಅವನ ಕೈಗೆ ಕೊಟ್ಟಳು. “ಇಲ್ಲ ಮಾವ. ಅತ್ತೆ ಹಾಕ್ತಿದ್ದದ್ದು ಸರಿಯಾಗೇ ಇತ್ತು. ಜರಡಿ ಹಿಡಿದು ಹಾಕ್ತಿದ್ರು, ನಾನೇ ನೋಡಿದ್ದೀನಿ. ಈ ಬೂದಿ ಅವರು ಕಂಡಿದ್ದೇ ಅಲ್ಲ.”

ಮೇಸ್ತ್ರಿಯ ಮೈಯನ್ನು ಉಗುರುಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಒರೆಸಿ, ಗಾಳಿ ತಾಗದಂತೆ ಒಣಗಿಸಿದರು. ತೂಕಡಿಸಿದರೆ, ಮೇವು ಬಿಟ್ಟರೆ, ಹಿಕ್ಕೆ ಹಸಿರಾಗಿ ನೀರಾದರೆ ಕೂಡಲೇ ತಿಳಿಸಬೇಕೆಂದು ವೈದ್ಯೆ ಹೇಳಿದಳು. ಅಂದಿನಿಂದ ನಾಲ್ಕೂ ಕೋಳಿಗಳ ವಾಸ ಹೊಲಿಗೆಯ ಕೋಣೆಯಲ್ಲಿ, ನೂಲು ಸೂಜಿಗಳನ್ನೆಲ್ಲ ಅಟ್ಟಕ್ಕೇರಿಸಿದ ಮೇಲೆ.

ಅಕ್ಕ ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು ಹಿತ್ತಿಲಿಗೆ ಇಳಿದಳು. ಒಣ ಬೂದಿಯನ್ನು ಗುಡಿಸಿದರೆ ಅದು ಮತ್ತೆ ಗಾಳಿಗೇಳುತ್ತದೆ. ಆದ್ದರಿಂದ ನೀರು ಚಿಮುಕಿಸಿ, ಸಲಿಕೆಯಿಂದ ಬಾಚಿ, ಚೀಲಕ್ಕೆ ತುಂಬಿ, ಬಾಯಿ ಕಟ್ಟಿದಳು. ಚರಂಡಿಗೆ ಬಿಡಲಿಲ್ಲ. ಪುರಸಭೆಯವರು ಹೇಳಿದ ಜಾಗಕ್ಕೇ ಕಳಿಸಿದಳು. ಬೇಲಿಯ ಅಂಚಿನಲ್ಲಿ ಮರದ ಬೇರು ಸುಟ್ಟು, ಬಿಸಿ ಇನ್ನೂ ಆರದ ಗುಂಡಿಗಳನ್ನು ಕೋಲಿನಿಂದ ತಡವಿ ನೋಡಿ, ನೀರು ಹಾಕಿದಳು. ಗೂಡಿನಲ್ಲಿ ತೆರೆದಿಟ್ಟಿದ್ದ ಹಳೆಯ ಮೇವು, ನೀರು ಎಲ್ಲವನ್ನೂ ಚೆಲ್ಲಿ ಬಟ್ಟಲು ತೊಳೆದಳು. ದರ್ಜಿ ನೆಲಕ್ಕೆ ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತಕ್ಕೆ ದಾರ ಕಟ್ಟಿ ಹಿತ್ತಿಲ ಉದ್ದಕ್ಕೂ ಎಳೆದ. ಸುಟ್ಟ ಮೊಳೆ, ತಂತಿಯ ತುಂಡುಗಳು ಮುಳ್ಳುಹಂದಿಯ ಮೈಯಂತೆ ಅದಕ್ಕೆ ಅಂಟಿಕೊಂಡು ಬಂದವು. ಅದನ್ನು ಕಂಡು ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಇದನ್ನ ತಿನ್ನಿಸೋಕೆ ಹೋಗಿದ್ದೆನಲ್ಲೋ.”

“ಪ್ರೀತಿಯಿಂದ ತಾನೆ ಬಿಟ್ಟಿದ್ದು.”

“ಪ್ರೀತಿ ಇದ್ರೆ ಸಾಲಲ್ಲ ಅಂತ ಈಗ ಗೊತ್ತಾಯ್ತು. ಕೇಳಿಕೊಂಡು ಮಾಡಬೇಕು.”

ಮೇಲಿನ ಮಣ್ಣು ತೆಗೆದು ಬೇರೆ ಕಡೆಯಿಂದ ಶುದ್ಧ ಮಣ್ಣು ತಂದು ಹಾಕುವವರೆಗೂ ಅವಳು ದಿನವೂ ಎದ್ದ ಕೂಡಲೇ ಮೇಸ್ತ್ರಿಯ ಹಿಕ್ಕೆ ನೋಡುತ್ತಿದ್ದಳು. ಹೀಗೂ ಒಂದು ಕಾಲ ಬರುತ್ತದೆಂದು ತಾನು ಎಣಿಸಿರಲಿಲ್ಲ ಎಂದು ನಗುತ್ತಿದ್ದಳು. ನಗುವಾಗಲೂ ಕಣ್ಣು ಕೋಳಿಯ ಮೇಲೆಯೇ. ಒಂದು ದಿನ ಮೇಸ್ತ್ರಿ ಪುಕ್ಕಲಿಯನ್ನು ಬಟ್ಟಲಿನಿಂದ ಅಟ್ಟಿ, ಅಡ್ಡ ಬಂದ ಅಕ್ಕನ ಕಾಲಿಗೂ ಕುಟುಕಿ, ಮನೆ ತುಂಬ ಬೈದಾಡಿತು. ದರ್ಜಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಹೆಂಡತಿ ಹೋದ ಮೇಲೆ ಅವನು ಬಾಯಿ ತುಂಬ ನಕ್ಕದ್ದು ಅಂದೇ.

ಪರೀಕ್ಷೆಗೆ ಕಳಿಸಿದ ಮಣ್ಣು, ಮೊಟ್ಟೆಗಳ ವರದಿ ಬಂದು ವೈದ್ಯೆ ಸರಿ ಎನ್ನುವವರೆಗೆ ಆ ಮನೆಯಲ್ಲಿ ಒಂದು ಮೊಟ್ಟೆಯನ್ನೂ ಒಲೆಗೆ ಇಡಲಿಲ್ಲ. ಬೀದಿಯಲ್ಲಿ ಯಾರಾದರೂ ಕೋಳಿ ಬಿಡಲು ಹೊರಟರೆ, ಅಕ್ಕ ಬೇಲಿಯ ಮೇಲಿಂದ ಬಗ್ಗಿ, “ಯಾವುದರ ಬೂದಿ ಅಂತ ಕೇಳಿಕೊಂಡ್ರಾ?” ಎನ್ನುತ್ತಿದ್ದಳು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಹಿತ್ತಿಲಲ್ಲೂ ಕೋಳಿಗಳಿರಬಹುದು. ಹೊಗೆ ಬರುವ ಮೊದಲೇ ಪೆಟ್ಟಿಗೆ, ಗೋಣಿ, ಒಂದಿಷ್ಟು ಮೇವು ಒಂದು ಕಡೆ ಇರಲಿ. ಗೂಡಿನ ಸುತ್ತಲಿನ ಒಣಹುಲ್ಲು ಕೀಳಿ. ಹೊರಡಿ ಎಂದಾಗ ತಡಮಾಡದೆ ಹೊರಡಿ. ಒಯ್ಯಲು ಸಾಧ್ಯವೇ ಆಗದಿದ್ದರೆ, ಅಗಲವಾದ ಭಾರದ ಪಾತ್ರೆಗಳಲ್ಲಿ ನೀರು, ಮೇವು ಇಟ್ಟು, ಪರಿಹಾರ ಕಾರ್ಯದವರಿಗೆ ತಿಳಿಸಿ, ನಿಮ್ಮ ಜೀವ ಉಳಿಸಿಕೊಳ್ಳಿ. ಕೋಳಿಗಾಗಿ ಹಿಂದಿರುಗಿ ಓಡಬೇಡಿ. ಮರಳಿದ ಮೇಲೆ ಬೂದಿ ತೆಗೆಯದೆ ಕೋಳಿ ಬಿಡಬೇಡಿ. ಸಂದೇಹವಿದ್ದರೆ ಪಶುವೈದ್ಯರನ್ನು ಕೇಳಿ.

ಮಾತು ಬಾರದ ಜೀವಗಳನ್ನು ದೇವರು ಮಾತು ಬರುವವರ ಕೈಗೆ ಒಪ್ಪಿಸಿದ್ದಾನೆ. ಇವತ್ತು ಸಂಜೆ ಅವು ಗೂಡು ಸೇರಿದಾಗ ಒಂದೊಂದನ್ನೇ ಮೆಲ್ಲಗೆ ಎತ್ತಿಕೊಂಡು, ಕೆಳಗಿಡಿ. ನಾಳೆಯೂ ಹಾಗೆ ಮಾಡಿ. ಹೊಗೆಯ ದಿನ ಹೆದರದಂತೆ, ನಿಮ್ಮ ಕೈಯ ಗುರುತು ಅವಕ್ಕೆ ಈಗಲೇ ಆಗಲಿ.